ಸೈಕಲ್ ಬಾಲ್ಸ್‌ನಲ್ಲಿ ಒಂದು ಸಿನಾಪ್ಸ್ ಮಾಡುವುದು ಹೇಗೆ

ತಿಪಟೂರಿನಲ್ಲಿ ನಮ್ಮಪ್ಪನ ಸೈಕಲ್ ಶಾಪ್ ಇತ್ತು. ಅಂಗಡಿ ಮುಚ್ಚಿ ತುಂಬ ವರ್ಷ ಆಯಿತು. ಅಲ್ಲಿಂದ ನನ್ನ ಹತ್ತಿರ ಉಳಿದಿರುವುದು ಒಂದೇ ಒಂದು ತಗಡಿನ ಡಬ್ಬ. ಅದರ ತುಂಬ ಹಿಂದಿನ ಚಕ್ರದ ಹಬ್‌ಗೆ ಹಾಕುವ ಕಾಲು ಇಂಚಿನ ಬಾಲ್ಸ್, ಅಂದರೆ ಉಕ್ಕಿನ ಗುಂಡುಗಳು. ಅಲ್ಲಾಡಿಸಿದರೆ ಈಗಲೂ ಗ್ರೀಸಿನ ವಾಸನೆ ಬರುತ್ತದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹೋದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಕೇಳಿದಳು: "ಮಿಸ್, ಕಂಪ್ಯೂಟರಿನಲ್ಲಿ ಲೆಕ್ಕ ಮಾಡೋ ಚಿಪ್ ಬೇರೆ, ನೆನಪಿಟ್ಕೊಳ್ಳೋ ಚಿಪ್ ಬೇರೆ ಅಂದ್ರಿ. ನಮ್ಮ ತಲೆಯಲ್ಲೂ ಹಾಗೇನಾ?" ಹಾಗಲ್ಲ ಎಂದು ಬಾಯಲ್ಲಿ ಹೇಳಿಬಿಡಬಹುದಿತ್ತು. ಆದರೆ ಆ ಪ್ರಶ್ನೆಗೆ ಅಷ್ಟು ಉತ್ತರ ಸಾಲದು ಅನ್ನಿಸಿತು. ಮನೆಗೆ ಬಂದು ಅಪ್ಪನ ಡಬ್ಬ ಕೆಳಗಿಳಿಸಿದೆ.

ಆಗಿನಿಂದ ನಾಲ್ಕೈದು ಸಲ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಲ್ಸ್ ಅನ್ನು ನಾಲ್ಕು ದಿನ ಮೊದಲೇ ತೊಳೆದು ಗಾಳಿಗೆ ಬಿಟ್ಟಿದ್ದರೆ, ಒಂದು ಭಾನುವಾರ ಸಾಕು. ಮಲ್ಟಿಮೀಟರ್ ಬಿಟ್ಟರೆ ದೊಡ್ಡ ಖರ್ಚು ಏನೂ ಇಲ್ಲ.

ಮೊದಲು ಏನು ಮಾಡುತ್ತಿದ್ದೇವೆ ಅನ್ನುವುದು ಗೊತ್ತಿರಲಿ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ದಾಟುವ ಜಾಗಕ್ಕೆ ಸಿನಾಪ್ಸ್ ಅನ್ನುತ್ತಾರೆ. ಸಾಮಾನ್ಯವಾಗಿ ಅಲ್ಲಿ ಎರಡು ಕೋಶಗಳೂ ಅಂಟಿಕೊಂಡಿರುವುದಿಲ್ಲ. ನಡುವೆ ಸುಮಾರು 20 ನ್ಯಾನೊಮೀಟರಿನ ಸಂದು ಇರುತ್ತದೆ. ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಸಿನಾಪ್ಸ್‌ಗಳು ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಇಷ್ಟೆಲ್ಲ ನಡೆಯುವುದು ಸುಮಾರು 20 ವಾಟ್‌ನಲ್ಲಿ. ಈ ಸಿನಾಪ್ಸ್‌ನ ಗುಣ ಏನೆಂದರೆ, ಬಳಸಿದಷ್ಟೂ ಅದು ಗಟ್ಟಿಯಾಗಬಲ್ಲದು. ಕೂಡಿ ಕೆಲಸ ಮಾಡುವ ಕೋಶಗಳ ನಡುವಿನ ನಂಟು ಬಲವಾಗುತ್ತದೆ ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲೇ ಬರೆದಿದ್ದರು. ಅಂದರೆ ನೆನಪು ಇನ್ನೆಲ್ಲೋ ಬರೆದಿಟ್ಟ ಅಂಕಿ ಅಲ್ಲ. ಸುದ್ದಿ ಹೋಗುವ ದಾರಿಯೇ ಬದಲಾಗಿರುತ್ತದೆ. ಆ ಬದಲಾದ ದಾರಿಯೇ ನೆನಪು.

ಕಂಪ್ಯೂಟರಿನಲ್ಲಿ ಹೀಗಿಲ್ಲ. ಅಂಕಿಗಳು ಮೆಮೊರಿಯಿಂದ ಪ್ರೊಸೆಸರಿಗೆ ಹೋಗಬೇಕು, ಲೆಕ್ಕ ಮುಗಿಸಿ ವಾಪಸ್ ಬರಬೇಕು. ಈಗಿನ ಎಐ ಲೆಕ್ಕಗಳಲ್ಲಿ ಈ ಓಡಾಟಕ್ಕೇ ತುಂಬ ಕರೆಂಟ್ ಹೋಗುತ್ತದೆ. ಹಾಗಾಗಿ ನೆನಪನ್ನೂ ಲೆಕ್ಕವನ್ನೂ ಒಂದೇ ಭಾಗದಲ್ಲಿ ಇಡುವ ಸಾಧನಗಳನ್ನು ಹುಡುಕುತ್ತಿದ್ದಾರೆ. ಅಂಥ ಒಂದು ಭಾಗ ಇರಲೇಬೇಕು ಎಂದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಲಿಯಾನ್ ಚುವಾ 1971ರಲ್ಲಿ ಗಣಿತದಿಂದ ತೋರಿಸಿ, ಅದಕ್ಕೆ ಮೆಮ್ರಿಸ್ಟರ್ ಎಂದು ಹೆಸರಿಟ್ಟರು. ಹರಿದುಹೋದ ಕರೆಂಟನ್ನು ನೆನಪಿಟ್ಟುಕೊಳ್ಳುವ ರೆಸಿಸ್ಟರ್ ಅದು. 2008ರಲ್ಲಿ ಎಚ್‌ಪಿ ಲ್ಯಾಬ್ಸ್‌ನ ಸ್ಟಾನ್ಲಿ ವಿಲಿಯಮ್ಸ್ ತಂಡ ಟೈಟಾನಿಯಂ ಡೈಆಕ್ಸೈಡಿನ ತೆಳು ಪದರದಲ್ಲಿ ಅದನ್ನು ತೋರಿಸಿತು. 2010ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೇ ಲು ತಂಡ ಬೆಳ್ಳಿ ಮತ್ತು ಸಿಲಿಕಾನ್ ಬಳಸಿ ಇಂಥದ್ದೇ ಸಾಧನವನ್ನು ಸಿನಾಪ್ಸ್ ಹಾಗೆ ಕೆಲಸ ಮಾಡಿಸಿತು.

ಇವೆಲ್ಲ ದೊಡ್ಡ ಲ್ಯಾಬ್‌ಗಳ ಕೆಲಸ. ಆದರೆ ಇದೇ ಗುಣವುಳ್ಳ ಒಂದು ಹಳೇ ಸಾಧನ ಇದೆ. 1890ರಲ್ಲಿ ಫ್ರಾನ್ಸಿನ ಎದುವಾರ್ ಬ್ರಾನ್ಲಿ ಲೋಹದ ಪುಡಿ ತುಂಬಿದ ಕೊಳವೆಯ ಹತ್ತಿರ ಕಿಡಿ ಹಾರಿಸಿದರು. ಕರೆಂಟ್ ಬಿಡದೇ ಇದ್ದ ಪುಡಿ ಆಮೇಲೆ ಕರೆಂಟ್ ಬಿಡತೊಡಗಿತು. ಅದೇ ಕೊಹಿರರ್. ಮೊದಮೊದಲ ರೇಡಿಯೋಗಳು ಕೇಳಿಸಿಕೊಂಡದ್ದು ಅದರಿಂದಲೇ. 1899ರಲ್ಲಿ ನಮ್ಮ ಜಗದೀಶಚಂದ್ರ ಬೋಸ್ ಕಬ್ಬಿಣ ಮತ್ತು ಪಾದರಸದ ಕೊಹಿರರ್ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಕಳಿಸಿದರು. 2013ರಲ್ಲಿ ಭಾರತದ ಸಂಶೋಧಕರು ಚುವಾ ಅವರ ಜೊತೆ ಸೇರಿ, ಈ ಕೊಹಿರರ್‌ಗಳೂ ಮೆಮ್ರಿಸ್ಟರ್‌ಗಳೇ ಎಂದು ಬರೆದರು. ಅದನ್ನು ಓದಿದ ದಿನವೇ ನನಗೆ ಅಪ್ಪನ ಡಬ್ಬ ನೆನಪಾಗಿದ್ದು. ಒಂದಕ್ಕೊಂದು ತಾಗಿ ನಿಂತ ಉಕ್ಕಿನ ಗುಂಡುಗಳೂ ಕೊಹಿರರೇ.

ಈಗ ಕೆಲಸಕ್ಕೆ ಬರೋಣ.

ಒಂದು ಸಾಲಿಗೆ ಮೂರು ಗುಂಡು ಬೇಕು. ಯಾವ ಸೈಕಲ್ ಅಂಗಡಿಯಲ್ಲಾದರೂ ಕೇಳಿ, ಕಾಲು ಇಂಚಿನ ಬಾಲ್ಸ್ ಕೊಡುತ್ತಾರೆ. ಹಳೆಯದಾದರೂ ಆಗುತ್ತದೆ. ಗ್ರೀಸ್ ಮಾತ್ರ ಪೂರ್ತಿ ಹೋಗಬೇಕು. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಲ್ಲಿ ಎರಡು ಸಲ ತೊಳೆಯಿರಿ, ಒರೆಸಿ, ಆಮೇಲೆ ಸರ್ಜಿಕಲ್ ಸ್ಪಿರಿಟ್ ಹಾಕಿದ ಹತ್ತಿಯಲ್ಲಿ ಉಜ್ಜಿ. ಪೆಟ್ರೋಲಿನಲ್ಲಿ ತೊಳೆಯಬೇಡಿ. ಮುಂದೆ ಇದೇ ಮೇಜಿನ ಮೇಲೆ ಕಿಡಿ ಹಾರಿಸುವುದಿದೆ. ಒಣಗಿದ ಗುಂಡುಗಳನ್ನು ಒಂದು ತಟ್ಟೆಯಲ್ಲಿ ನಾಲ್ಕು ದಿನ ಸುಮ್ನೆ ಗಾಳಿಗೆ ಬಿಡಿ. ಉಕ್ಕಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪೊರೆ ಕೂರುತ್ತದೆ. ನಮಗೆ ಬೇಕಾಗಿರುವುದು ಆ ಪೊರೆಯೇ. ಕೆಂಪು ತುಕ್ಕು ಕಾಣಿಸಿದರೆ ಜಾಸ್ತಿ ಆಯಿತು ಅಂತ ಅರ್ಥ. ಆ ಗುಂಡು ಬಿಟ್ಟುಬಿಡಿ.

ಗುಂಡುಗಳು ಕೂರಲು ಒಂದು ಉದ್ದ ಕಾಲುವೆ ಬೇಕು. ಒಂದು ಪ್ಲೈವುಡ್ ತುಂಡಿನ ಮೇಲೆ ಎರಡು ಆರು ಮೂಲೆಯ ಪೆನ್ಸಿಲ್‌ಗಳನ್ನು ಫೆವಿಕಾಲ್‌ನಿಂದ ಅಂಟಿಸಿ. ಎರಡರ ನಡುವೆ 2 ಮಿಲಿಮೀಟರ್ ಸಂದು ಬಿಡಿ. ಗುಂಡು ಆ ಸಂದಿನಲ್ಲಿ ಅಲುಗದ ಹಾಗೆ ಕೂರುತ್ತದೆ. ಎರಡು ತುದಿಗೆ ಹಳೇ ಪ್ಲಗ್‌ನಿಂದ ಬಿಚ್ಚಿದ ಎರಡು ಹಿತ್ತಾಳೆ ಪಿನ್‌ಗಳನ್ನು ಅದೇ ಕಾಲುವೆಯಲ್ಲಿ ಮಲಗಿಸಿ. ಪಿನ್ನಿನ ಬಾಲದಲ್ಲಿ ವೈರ್ ಕಟ್ಟುವ ಸ್ಕ್ರೂ ಹೇಗೂ ಇರುತ್ತದೆ, ಬೆಸುಗೆ ಬೇಕಿಲ್ಲ. ಪಿನ್ನಿನ ಮೂತಿಯನ್ನು ಮರಳು ಕಾಗದದಲ್ಲಿ ಸ್ವಲ್ಪ ತಿಕ್ಕಿ. ಒಂದು ಪಿನ್ ಅಂಟಿಸಿಬಿಡಿ. ಇನ್ನೊಂದನ್ನು ಅಂಟಿಸದೆ, ರಬ್ಬರ್ ಬ್ಯಾಂಡ್ ಹಾಕಿ ಗುಂಡುಗಳ ಕಡೆಗೆ ಮೆತ್ತಗೆ ಒತ್ತುವ ಹಾಗೆ ಮಾಡಿ. ಈ ಒತ್ತಡ ಬದಲಾಗಬಾರದು. ಮೊದಲು ನಾನು ಕೈಯಲ್ಲೇ ಒತ್ತಿ ಹಿಡಿದಿದ್ದೆ. ಒಂದು ಅಳತೆಯೂ ಎರಡನೇ ಸಲ ಬರಲಿಲ್ಲ.

ಮೂರು ಗುಂಡು, ಎರಡು ಪಿನ್. ಎಣಿಸಿ ನೋಡಿ, ಒಟ್ಟು ನಾಲ್ಕು ಕಡೆ ಲೋಹಕ್ಕೆ ಲೋಹ ತಾಗುತ್ತದೆ. ಈ ನಾಲ್ಕು ನೆನಪಿರಲಿ, ಲೆಕ್ಕಕ್ಕೆ ಬೇಕು.

ಈಗ ಬರೆಯುವುದು, ಅಂದರೆ ಕರೆಂಟ್ ಹರಿಸಿ ಸಾಲಿನಲ್ಲಿ ನೆನಪು ಮೂಡಿಸುವುದು. 9 ವೋಲ್ಟ್ ಬ್ಯಾಟರಿಯ ಪ್ಲಸ್‌ನಿಂದ ಒಂದು ರೆಸಿಸ್ಟರ್, ಅಲ್ಲಿಂದ ಗುಂಡಿನ ಸಾಲು, ಅಲ್ಲಿಂದ ಬ್ಯಾಟರಿಯ ಮೈನಸ್. ರೆಸಿಸ್ಟರ್‌ಗಳು ನಾಲ್ಕು ಸಾಕು: 10ಕೆ, 4.7ಕೆ, 1ಕೆ (ಕೆ ಅಂದರೆ ಸಾವಿರ ಓಮ್), 470 ಓಮ್. ರೆಸಿಸ್ಟರ್ ಇಲ್ಲದೆ ಬ್ಯಾಟರಿಯನ್ನು ಸಾಲಿಗೆ ಯಾವತ್ತೂ ಮುಟ್ಟಿಸಬೇಡಿ. ಒಂದೇ ಸಲಕ್ಕೆ ಎಲ್ಲ ಬೆಸೆದುಕೊಂಡುಬಿಡುತ್ತದೆ. ಮನೆಯ ಕರೆಂಟಿನ ಹತ್ತಿರವಂತೂ ಈ ಸಾಲನ್ನು ತರಲೇಬಾರದು.

ಬ್ಯಾಟರಿ ತಾಗಿಸಿದಾಗ ಒಳಗೆ ಏನಾಗುತ್ತದೆ ಅನ್ನುವುದೇ ಈ ಪ್ರಯೋಗದ ಜೀವ. ಸ್ವಲ್ಪ ನಿಂತು ನೋಡೋಣ. ಎರಡು ಗುಂಡುಗಳು ತಾಗಿದ ಹಾಗೆ ಕಂಡರೂ ನಡುವೆ ಆಕ್ಸೈಡ್ ಪೊರೆ ಇದೆ. ಕರೆಂಟಿಗೆ ದಾರಿ ಇಲ್ಲ. ವೋಲ್ಟೇಜ್ ಏರಿದಾಗ ಪೊರೆ ಒಂದೆರಡು ಬಿಂದುಗಳಲ್ಲಿ ಒಡೆಯುತ್ತದೆ. ಅಷ್ಟು ಸಣ್ಣ ಜಾಗದಲ್ಲಿ ಕರೆಂಟೆಲ್ಲ ನುಗ್ಗುವುದರಿಂದ ಲೋಹ ಮೆತ್ತಗಾಗಿ ಒಂದು ಪುಟ್ಟ ಸೇತುವೆ ಕಟ್ಟಿಕೊಳ್ಳುತ್ತದೆ. ಆ ಬಿಂದುವಿನ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಗುಂಡನ್ನು ಬೆರಳಿನಿಂದ ಮುಟ್ಟಿದರೆ ತಣ್ಣಗೇ ಇರುತ್ತದೆ, ಯಾಕೆಂದರೆ ಬಿಸಿಯಾದ ಜಾಗ ಅಷ್ಟು ಚಿಕ್ಕದು. ಕರೆಂಟ್ ಇನ್ನೂ ಜಾಸ್ತಿ ಮಾಡಿದರೆ ಸೇತುವೆ ದಪ್ಪ ಆಗುತ್ತದೆ, ಬಿಸಿ ಮಾತ್ರ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಉಕ್ಕಿನ ಪ್ರತಿ ಸ್ಪರ್ಶದಲ್ಲೂ ವೋಲ್ಟೇಜ್ ಸುಮಾರು 0.4 ವೋಲ್ಟ್‌ಗೆ ಬಂದು ನಿಂತುಬಿಡುತ್ತದೆ. ಕರೆಂಟ್ ಎಷ್ಟೇ ಇರಲಿ, 0.4. ಕರೆಂಟ್ ನಿಲ್ಲಿಸಿದ ಮೇಲೂ ಸೇತುವೆ ಹಾಗೇ ಉಳಿಯುತ್ತದೆ. ತನ್ನ ಮೂಲಕ ಹೋದ ಅತಿ ಹೆಚ್ಚಿನ ಕರೆಂಟ್ ಎಷ್ಟು ಅನ್ನುವುದು ಅದರ ದಪ್ಪದಲ್ಲಿ ಉಳಿದಿರುತ್ತದೆ.

ಇದರಿಂದ ಒಂದು ಸುಲಭದ ಲೆಕ್ಕ ಸಿಗುತ್ತದೆ. ನಾಲ್ಕು ಸ್ಪರ್ಶ, ತಲಾ 0.4, ಒಟ್ಟು 1.6 ವೋಲ್ಟ್ ಗುಂಡಿನ ಸಾಲಿಗೆ. ಉಳಿದ 7.4 ವೋಲ್ಟ್ ರೆಸಿಸ್ಟರಿಗೆ. ಎರಡರಲ್ಲೂ ಒಂದೇ ಕರೆಂಟ್. ಹಾಗಾದರೆ ಸಾಲಿನ ರೆಸಿಸ್ಟೆನ್ಸ್ ನೀವು ಹಾಕಿದ ರೆಸಿಸ್ಟರಿನ ಸುಮಾರು ಐದನೇ ಒಂದು ಭಾಗಕ್ಕೆ ಬಂದು ನಿಲ್ಲಬೇಕು. 1ಕೆ ಹಾಕಿದರೆ 216 ಓಮ್, 4.7ಕೆ ಹಾಕಿದರೆ 1,000 ಓಮ್ ಸುಮಾರು. ಬಿಂದು ತಣ್ಣಗಾದ ಮೇಲೆ ಅಳೆಯುವುದರಿಂದ ಇದಕ್ಕಿಂತ ಸ್ವಲ್ಪ ಕಡಿಮೆಯೇ ಬರುತ್ತದೆ. ಬೋರ್ಡಿನ ಮೇಲೆ ಈ ಲೆಕ್ಕ ಮಾಡಿ, ಆಮೇಲೆ ಅಳೆದು ತೋರಿಸಿದಾಗ ಮಕ್ಕಳ ಮುಖ ನೋಡಬೇಕು.

ಅಳೆಯುವುದರಲ್ಲಿ ಒಂದು ಎಚ್ಚರ ಬೇಕು. ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ನೇರ ಅಳೆಯಬೇಡಿ. ಓಮ್ ಅಳೆಯಲು ಮೀಟರ್ ತಾನೇ ಒಳಗಿನಿಂದ ಕರೆಂಟ್ ಹರಿಸುತ್ತದೆ. ಆ ಕರೆಂಟೇ ಸಾಲಿನಲ್ಲಿ ಬರೆದುಬಿಡುತ್ತದೆ. ಎರಡು ಸಂಜೆ ನನಗೆ ಇದು ಗೊತ್ತಾಗಲಿಲ್ಲ. ಹೊಸ ಸಾಲು ಹಾಕಿದರೂ ಅಳೆದ ಕೂಡಲೇ ಕರೆಂಟ್ ಬಿಡುತ್ತಿತ್ತು. ಗುಂಡು ಸರಿಯಾಗಿ ತೊಳೆದಿಲ್ಲ ಅಂದುಕೊಂಡು ಮತ್ತೆ ಮತ್ತೆ ತೊಳೆದೆ. ನಿಜವಾದ ಸಿನಾಪ್ಸ್ ಸಾಧನಗಳಲ್ಲೂ ಇದೇ ಕಷ್ಟ ಇದೆ. ಓದುವಾಗ, ಅಂದರೆ ಅಳೆಯುವಾಗ, ಬರೆದುಹೋಗಬಾರದು.

ಅದಕ್ಕೆ ಓದಲು ಬೇರೆ ದಾರಿ. 1.5 ವೋಲ್ಟಿನ ಒಂದು ಪೆನ್ ಸೆಲ್ಲಿಗೆ 150 ಓಮ್ ಮತ್ತು 10 ಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ. 10 ಓಮ್‌ನ ಎರಡು ತುದಿಗಳ ನಡುವೆ ಸುಮಾರು 0.09 ವೋಲ್ಟ್ ಸಿಗುತ್ತದೆ. ಅದರ ಒಂದು ತುದಿಯಿಂದ ಗುಂಡಿನ ಸಾಲು, ಅಲ್ಲಿಂದ 20 ಮಿಲಿ ಆಂಪ್‌ಗೆ ಇಟ್ಟ ಮೀಟರ್, ಮೀಟರಿನಿಂದ 10 ಓಮ್‌ನ ಇನ್ನೊಂದು ತುದಿ. 2 ಮಿಲಿ ಆಂಪ್ ರೇಂಜ್ ಬೇಡ. ಸಾಮಾನ್ಯ ಮೀಟರ್‌ಗಳಲ್ಲಿ ಆ ರೇಂಜಿನಲ್ಲಿ ಮೀಟರ್ ತಾನೇ 100 ಓಮ್ ಸೇರಿಸಿಬಿಡುತ್ತದೆ. 20ರ ರೇಂಜಿನಲ್ಲಿ 10 ಓಮ್ ಮಾತ್ರ. 0.09 ವೋಲ್ಟ್ ನಾಲ್ಕು ಸ್ಪರ್ಶಗಳಲ್ಲಿ ಹಂಚಿಹೋಗುವುದರಿಂದ ಏನೂ ಬರೆಯುವುದಿಲ್ಲ. ಓದುವ ಮೊದಲು 9 ವೋಲ್ಟ್ ಬ್ಯಾಟರಿ ಬಿಚ್ಚಿರಬೇಕು.

ಹೊಸ ಸಾಲನ್ನು ಓದಿ. 0.00. ಈಗ 10ಕೆ ಮೂಲಕ ಬ್ಯಾಟರಿಯನ್ನು ಎರಡು ಸೆಕೆಂಡ್ ತಾಗಿಸಿ, ಬಿಚ್ಚಿ, ಓದಿ. ನನಗೆ 0.05 ಮಿಲಿ ಆಂಪ್ ಬಂತು. 4.7ಕೆ ಆದ ಮೇಲೆ 0.11. 1ಕೆ ಆದ ಮೇಲೆ 0.50. 470 ಆದ ಮೇಲೆ 0.95. ನಿಮಗೆ ಇವೇ ಅಂಕಿ ಬರಬೇಕಿಲ್ಲ, ಎರಡು ಪಟ್ಟು ಆಚೀಚೆ ಆದರೂ ಗಾಬರಿ ಬೇಡ. ಹೆಜ್ಜೆಹೆಜ್ಜೆಯಾಗಿ ಏರಬೇಕು, ಅಷ್ಟೇ. 470 ಆದ ಮೇಲೆ ಮತ್ತೆ 10ಕೆ ತಾಗಿಸಿ ನೋಡಿ. 0.95 ಇದ್ದದ್ದು ಹಾಗೇ ಇರುತ್ತದೆ. ದೊಡ್ಡ ಕರೆಂಟ್ ನೋಡಿದ ಸೇತುವೆ ಚಿಕ್ಕ ಕರೆಂಟಿಗೆ ಬದಲಾಗುವುದಿಲ್ಲ.

ಮರೆಸಬೇಕಾದರೆ ಹಲಗೆಯನ್ನು ಪೆನ್ಸಿಲ್ಲಿನಿಂದ ಎರಡು ಸಲ ತಟ್ಟಿ. ಸೇತುವೆಗಳು ಮುರಿಯುತ್ತವೆ. ಮೀಟರ್ 0.00ಗೆ ಬರುತ್ತದೆ. ಬರದಿದ್ದರೆ ಗುಂಡುಗಳನ್ನು ಸ್ವಲ್ಪ ಉರುಳಿಸಿ, ಹೊಸ ಮೈ ಹೊಸ ಮೈಗೆ ತಾಗಲಿ. ಹಳೇ ರೇಡಿಯೋಗಳಲ್ಲಿ ಪ್ರತಿ ಸಿಗ್ನಲ್ ಬಂದ ಮೇಲೂ ಕೊಹಿರರನ್ನು ತಟ್ಟಲು ಒಂದು ಪುಟ್ಟ ಸುತ್ತಿಗೆಯೇ ಇರುತ್ತಿತ್ತು. ಬೋಸರ ಪಾದರಸದ ಕೊಹಿರರಿಗೆ ಅದು ಬೇಕಿರಲಿಲ್ಲ, ತಾನೇ ಮೊದಲಿನ ಸ್ಥಿತಿಗೆ ಬರುತ್ತಿತ್ತು. ನನಗೆ ಇದು ತುಂಬ ಇಷ್ಟವಾದ ವಿಷಯ. ನಮ್ಮ ಮೆದುಳಿನಲ್ಲೂ ಎರಡು ಥರ ಇದೆ ಅಲ್ವಾ? ಫೋನ್ ನಂಬರ್ ಒಂದು ನಿಮಿಷ ಇದ್ದು ಹೋಗುತ್ತದೆ, ಅಮ್ಮನ ದನಿ ಉಳಿಯುತ್ತದೆ. ಆದರೆ ಮನೆಯಲ್ಲಿ ಪಾದರಸ ಮುಟ್ಟಬೇಡಿ. ಒಡೆದ ಥರ್ಮಾಮೀಟರಿನದೂ ಬೇಡ.

ಇನ್ನೊಂದು ಪ್ರಯೋಗ ಮಕ್ಕಳಿಗೆ ಪ್ರಾಣ. ಸಾಲನ್ನು ತಟ್ಟಿ ಮರೆಸಿ. ಎರಡು ಪಿನ್‌ಗಳಿಗೂ ಒಂದೊಂದು ಅಡಿ ಉದ್ದದ ವೈರ್ ಕಟ್ಟಿ, ಎರಡು ಕಡೆ ಚಾಚಿ. ಅಡುಗೆಮನೆಯ ಗ್ಯಾಸ್ ಲೈಟರನ್ನು ಒಂದು ಗೇಣು ದೂರದಲ್ಲಿ ಹಿಡಿದು ಟಕ್ ಅನ್ನಿಸಿ. ಸ್ಪಿರಿಟ್ ಬಾಟಲಿ ಬೇರೆ ರೂಮಿನಲ್ಲಿರಲಿ. ಆಮೇಲೆ ಮೀಟರ್ ನೋಡಿ. ಯಾರೂ ಮುಟ್ಟಿಲ್ಲ, ಬ್ಯಾಟರಿ ತಾಗಿಸಿಲ್ಲ, ಆದರೂ ಅಂಕಿ ಏರಿರುತ್ತದೆ. ಬ್ರಾನ್ಲಿ ಕಂಡದ್ದು ಇದನ್ನೇ. ಮೊದಲನೇ ಸಲ ಆಗದಿದ್ದರೆ ಇನ್ನೆರಡು ಸಲ ಟಕ್ ಅನ್ನಿಸಿ.

ಇದೇ ಕಾರಣಕ್ಕೆ ಒಂದು ತೊಂದರೆಯೂ ಇದೆ. ಸ್ಟಾಫ್ ರೂಮಿನಲ್ಲಿ 0.11 ಬರೆದಿಟ್ಟ ಸಾಲು, ಯಾರೋ ಚೋಕ್ ಇರುವ ಹಳೇ ಟ್ಯೂಬ್‌ಲೈಟ್ ಹಾಕಿದ ಕೂಡಲೇ 0.38 ಆಯಿತು. ಮಿಕ್ಸಿ, ಫ್ಯಾನ್ ಸ್ವಿಚ್, ಎಲ್ಲದರಿಂದಲೂ ಆಗಬಹುದು. ವೈರ್‌ಗಳನ್ನು ಗಿಡ್ಡ ಇಡಿ. ಹಲಗೆಯನ್ನು ತಗಡಿನ ಬಿಸ್ಕತ್ ಡಬ್ಬದೊಳಗೆ ಇಟ್ಟರೆ ಇನ್ನೂ ಒಳ್ಳೆಯದು. ಡಬ್ಬದ ಮೇಲೆ ಲೈಟರ್ ಟಕ್ ಅನ್ನಿಸಿದರೂ ಒಳಗೆ ಏನೂ ಆಗುವುದಿಲ್ಲ ಎಂದು ತೋರಿಸಿಬಿಡಿ, ಅದೂ ಒಂದು ಪಾಠ.

ಒಂದು ಸಿನಾಪ್ಸ್ ಆಯಿತು. ಎರಡು ಮಾಡಿದರೆ ಲೆಕ್ಕ ಶುರು. ಪಕ್ಕದಲ್ಲಿ ಇನ್ನೊಂದು ಸಾಲು ಕಟ್ಟಿ. ಮೊದಲನೆಯದಕ್ಕೆ 1ಕೆ ಮೂಲಕ ಬರೆಯಿರಿ, ಎರಡನೆಯದಕ್ಕೆ 4.7ಕೆ ಮೂಲಕ. ಬೇರೆಬೇರೆಯಾಗಿ ಓದಿ: ನನಗೆ 0.50 ಮತ್ತು 0.11. ಈಗ ಎರಡು ಸಾಲುಗಳನ್ನೂ ಒಟ್ಟಿಗೆ, ಪ್ಯಾರಲಲ್ ಆಗಿ ಜೋಡಿಸಿ ಓದಿ. ಮೀಟರ್ ತೋರಿಸಿದ್ದು 0.59. ಗುಣಾಕಾರವನ್ನು ಓಮನ ನಿಯಮ ಮಾಡಿತು: ಕೊಟ್ಟ ವೋಲ್ಟೇಜ್ ಗುಣಿಸು ಸಾಲಿನ ಬಲ, ಅಂದರೆ ಸಾಲು ಎಷ್ಟು ಸುಲಭವಾಗಿ ಕರೆಂಟ್ ಬಿಡುತ್ತದೆ ಅನ್ನುವುದು. ಕೂಡಿದ್ದು ವೈರು ಸೇರುವ ಗಂಟು, ಅದು ಕಿರ್ಕಾಫ್ ನಿಯಮ. ಪ್ರೊಸೆಸರ್ ಎಲ್ಲೂ ಇಲ್ಲ. ನೆನಪು ಎಲ್ಲಿದೆಯೋ ಲೆಕ್ಕವೂ ಅಲ್ಲೇ ನಡೆಯಿತು. ಎಐ ಮಾಡುವ ಕೆಲಸದಲ್ಲಿ ಬಹುಪಾಲು ಇಂಥ ಗುಣಿಸಿ ಕೂಡುವುದೇ. ದೊಡ್ಡ ಲ್ಯಾಬ್‌ಗಳಲ್ಲಿ ಇದನ್ನೇ ಅಡ್ಡ ವೈರು, ಉದ್ದ ವೈರುಗಳ ಜಾಲ ಮಾಡಿ, ಪ್ರತಿ ಗಂಟಿನಲ್ಲೂ ಒಂದು ಮೆಮ್ರಿಸ್ಟರ್ ಇಟ್ಟು ಮಾಡುತ್ತಾರೆ.

ಆ ಹುಡುಗಿ ಇಲ್ಲಿ ನನ್ನನ್ನು ನಿಲ್ಲಿಸಿದಳು. "ಮಿಸ್, 0.50 ಮತ್ತು 0.11 ಕೂಡಿದರೆ 0.61. ಇಲ್ಲಿ 0.59 ಇದೆಯಲ್ಲ?" ಸರಿಯಾದ ಪ್ರಶ್ನೆ. ಎರಡು ಸಾಲು ಸೇರಿ ಜಾಸ್ತಿ ಕರೆಂಟ್ ಎಳೆದಾಗ 10 ಓಮ್‌ನ ಮೇಲಿನ 0.09 ವೋಲ್ಟ್ ಸ್ವಲ್ಪ ಕುಸಿಯುತ್ತದೆ. ಮೀಟರೂ ಒಂದು ಪಾಲು ತಿನ್ನುತ್ತದೆ. ಜಾಲ ದೊಡ್ಡದಾದಷ್ಟೂ ವೈರುಗಳಲ್ಲೇ ವೋಲ್ಟೇಜ್ ಕಳೆದುಹೋಗುವುದು ನಿಜವಾದ ಚಿಪ್‌ಗಳಲ್ಲೂ ದೊಡ್ಡ ತಲೆನೋವು. ಒಂಬತ್ತನೇ ಕ್ಲಾಸಿನ ಮಗು ಅದನ್ನು ಎರಡು ದಶಾಂಶದಲ್ಲಿ ಹಿಡಿದಳು.

ನಮ್ಮ ಗುಂಡಿನ ಸಾಲಿಗೆ ಏನು ಬರುವುದಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ಇದು ಏರುತ್ತದೆ, ಮೆಲ್ಲಗೆ ಇಳಿಯುವುದಿಲ್ಲ. ತಟ್ಟಿದರೆ ಎಲ್ಲ ಹೋಗುತ್ತದೆ. ಒಳ್ಳೆಯ ಸಿನಾಪ್ಸ್ ಸಾಧನದಲ್ಲಿ ವೋಲ್ಟೇಜನ್ನು ತಿರುಗಿಸಿ ಕೊಟ್ಟು ಬಲವನ್ನು ಸ್ವಲ್ಪಸ್ವಲ್ಪ ಇಳಿಸಬಹುದು. ನಮ್ಮಲ್ಲಿ ನಾಲ್ಕು ಹಂತ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀತೋಷ್ ಗೋಸ್ವಾಮಿ ಅವರ ತಂಡ 2024ರಲ್ಲಿ ಅಣುಗಳ ಒಂದು ಪದರದಲ್ಲಿ 16,500 ಹಂತಗಳನ್ನು ತೋರಿಸಿತು. ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಬೆಳ್ಳಿಯ ಪುಟ್ಟಪುಟ್ಟ ದ್ವೀಪಗಳ ಜಾಲಕ್ಕೆ, ಗಂಟೆ ಕೇಳಿದರೆ ಜೊಲ್ಲು ಸುರಿಸುವ ಪಾವ್ಲೋವರ ನಾಯಿಯ ಪಾಠವನ್ನೇ ಕಲಿಸಿದ್ದಾರೆ. ತಿಪಟೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಯ ದಾರಿ. ಈ ಮಕ್ಕಳಲ್ಲಿ ಒಬ್ಬರಾದರೂ ಆ ಬಾಗಿಲು ದಾಟಬೇಕು ಅನ್ನುವುದು ನನ್ನ ಆಸೆ.

ಕೊನೆಯ ಪರೀಕ್ಷೆ ಒಂದು ರಾತ್ರಿಯದು. ಸಂಜೆ 1ಕೆ ಮೂಲಕ ಬರೆದು, ಅಂಕಿ ಗುರುತು ಹಾಕಿ, ಎಲ್ಲ ಬ್ಯಾಟರಿ ಬಿಚ್ಚಿ, ಹಲಗೆಯನ್ನು ಡಬ್ಬದಲ್ಲಿಟ್ಟು ಯಾರೂ ಅಲುಗಿಸದ ಜಾಗದಲ್ಲಿಡಿ. ಮಡಿಸಿದ ಬೆಡ್‌ಶೀಟ್ ಕೆಳಗೆ ಹಾಕಿದರೆ ಒಳ್ಳೆಯದು, ಬಾಗಿಲು ಜೋರಾಗಿ ಹಾಕಿದರೂ ಸೇತುವೆ ಮುರಿಯಬಹುದು. ನಮ್ಮ ಶಾಲೆಯಲ್ಲಿ ಆ ಹುಡುಗಿ ಡಬ್ಬದ ಮೇಲೆ ಒಂದು ಚೀಟಿ ಅಂಟಿಸಿದ್ದಳು: "ಮುಟ್ಟಬೇಡಿ, ಇದಕ್ಕೆ ನೆನಪಿದೆ." ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಬಂದು, ನಾನು ಚಪ್ಪಲಿ ಬಿಡುವಷ್ಟರಲ್ಲಿ ಪೆನ್ ಸೆಲ್ ಜೋಡಿಸಿ ಕಾಯುತ್ತಿದ್ದಳು. ಸಂಜೆ 0.50 ಇದ್ದದ್ದು 0.47 ಇತ್ತು.